ರಿಂಗು ಬಿಡದ ಗುರುತು

"ಯಾವ ಸೈಜಿಂದು ಸಾರ್?"

ದುರ್ಗಾಂಬಿಕಾ ಹೀಗೆ ಕೇಳಿ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬಟ್ಟೆ ಬಿಗಿದು ಕಸೂತಿ ಹಾಕುವ ರಿಂಗುಗಳು ಗಲಗಲ ಸುರಿದವು. ಕಟ್ಟಿಗೆಯವು, ಪ್ಲಾಸ್ಟಿಕ್ಕಿನವು, ಅಂಗೈಯಗಲದವು, ಊಟದ ತಟ್ಟೆಯಷ್ಟು ದೊಡ್ಡವು. ಒಂದು ಉರುಳಿಕೊಂಡು ಹೋಗಿ ಎ.ಎಸ್.ಐ. ಕಲ್ಲೇಶ್‌ನ ಬೂಟಿಗೆ ಬಡಿದು ಅಂಗಾತ ಬಿತ್ತು.

"ನಾನು ಕೊಳ್ಳಾಕೆ ಬಂದಿಲ್ಲ ಮೇಡಂ. ಆಶಾ ಯಾವ ರಿಂಗು ಬಳಸ್ತಿದ್ಲು ಅಂತ ಕೇಳಿದೆ, ಅಷ್ಟೇ."

"ಅದಕ್ಕೇ ಕೇಳಿದ್ದು. ಯಾವ ಕೆಲಸಕ್ಕೆ ಅಂತ ಹೇಳಿದ್ರೆ ಯಾವ ರಿಂಗು ಅಂತ ಹೇಳಬಹುದು. ಸುಮ್ನೆ ರಿಂಗು ಅಂದ್ರೆ ಹೆಂಗೆ ಸಾರ್? ಟೈರು ಅಂದ್ರೆ ಯಾವ ಗಾಡೀದು ಅಂತ ಕೇಳಲ್ವಾ ನೀವು?"

ಕಲ್ಲೇಶ್ ಗಲ್ಲ ಕೆರೆದುಕೊಂಡ. ಟೈರಿನ ವಿಷಯವಾಗಿದ್ದರೆ ಅವನನ್ನು ಹಿಡಿಯುವವರೇ ಇರಲಿಲ್ಲ. ಕೆಸರಿನಲ್ಲಿ ಬಿದ್ದ ಗುರುತು ನೋಡಿ ಟ್ರ್ಯಾಕ್ಟರ್ ಕಳ್ಳನನ್ನು ಸಂತೆಯಿಂದಲೇ ಎಳೆದುಕೊಂಡು ಬಂದ ಮನುಷ್ಯ. ನ್ಯಾಮತಿ ಠಾಣೆಯಲ್ಲಿ ಆ ಕಥೆಯನ್ನು ಅವನ ಬಾಯಿಂದ ಕೇಳದವರು ಯಾರೂ ಇಲ್ಲ. ಆದರೆ ಹೊನ್ನಾಳಿಯ ಈ ಹೊಲಿಗೆ ಅಂಗಡಿಯಲ್ಲಿ, ಈ ರಿಂಗುಗಳ ರಾಶಿಯ ಮುಂದೆ, ಅವನ ತಲೆ ಗಿರ್ರೆಂದಿತು.

ಮಂಗಳವಾರ ಕೆಲಸಕ್ಕೆಂದು ಸವಳಂಗದ ಮನೆ ಬಿಟ್ಟ ಆಶಾ ಈ ಅಂಗಡಿಗೂ ಬಂದಿರಲಿಲ್ಲ, ಮನೆಗೂ ಮರಳಿರಲಿಲ್ಲ. ಇಂದು ಶುಕ್ರವಾರ. ಬೆಳಿಗ್ಗೆ ಸೂಳೆಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸೊಬ್ಬಳಿಗೆ ಅವಳ ಬ್ಯಾಗು ಸಿಕ್ಕಿತ್ತು.

ಬ್ಯಾಗಿನಲ್ಲಿದ್ದದ್ದು ಒಂದು ಟಿಫಿನ್ ಬಾಕ್ಸು, ಒಂದು ಬಾಚಣಿಗೆ, ಮತ್ತು ರಿಂಗಿಗೆ ಬಿಗಿದಿದ್ದ ಕೆಂಪು ರೇಷ್ಮೆಯ ಬ್ಲೌಸ್ ಪೀಸು. ಪೀಸಿನ ಮೇಲೆ ಅರ್ಧಕ್ಕೆ ನಿಂತ ಚಿನ್ನದ ಬಣ್ಣದ ಮಾವಿನಕಾಯಿ.

ಉಳಿದವರಿಗೆಲ್ಲ ಅದೇ ಸಾಕಾಗಿತ್ತು. ಹುಡುಗಿ ನೀರಿಗೆ ಬಿದ್ದಿದ್ದಾಳೆ, ಇನ್ನೇನು ಉಳಿದಿದೆ ಎಂದು ದಂಡೆಯ ಮೇಲೆ ನಿಂತವರೇ ತೀರ್ಮಾನ ಕೊಟ್ಟಾಗಿತ್ತು. ಅಗ್ನಿಶಾಮಕದವರೂ ಮೀನುಗಾರರೂ ನೀರಿಗಿಳಿದಿದ್ದರು. ಸಂಜೆಯವರೆಗೆ ನೋಡಿ ನಿಲ್ಲಿಸುವುದೆಂದು ಮೇಲಿನವರ ಮಾತು. ಆಮೇಲೆ ಕಡತ ಕಟ್ಟಿಡುವುದೊಂದೇ ಕೆಲಸ.

ಕಲ್ಲೇಶ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಅವನ ಬಳಿ ಏನೂ ಇರಲಿಲ್ಲ. ಸಾಯಲು ಹೊರಟವಳು ಕೈಕೆಲಸ ಹಿಡಿದುಕೊಂಡು ಯಾಕೆ ಹೋಗುತ್ತಾಳೆ ಎಂಬ ಒಂದು ಪ್ರಶ್ನೆ, ಮತ್ತು ದಂಡೆಯ ಮೇಲೆ ಕುಸಿದು ಕೂತಿದ್ದ ಆ ತಾಯಿಯ ಮುಖ. ಅಷ್ಟೇ. ಆ ಹುಡುಗಿ ಬದುಕಿದ್ದಾಳೆ ಎನ್ನಲು ಒಂದೇ ಒಂದು ಕಾರಣ ಸಂಜೆಯೊಳಗೆ ಬೇಕಿತ್ತು ಅವನಿಗೆ.

ಜೇಬಿನಿಂದಲ್ಲ, ಎದೆಗೆ ಅವುಚಿಕೊಂಡಿದ್ದ ಪ್ಲಾಸ್ಟಿಕ್ ಚೀಲದಿಂದ ಆ ಪೀಸನ್ನು ತೆಗೆದು ಮೇಜಿನ ಮೇಲಿಟ್ಟ.

ದುರ್ಗಾಂಬಿಕಾ ಹೌಹಾರಿದಳು. "ಅಯ್ಯೋ! ರೇಷ್ಮೆ ಮೇಲೆ ರಿಂಗು ಹಂಗೇ ಬಿಟ್ಟೀರಲ್ಲ! ಯಾರು ಇದನ್ನ ಬಿಗಿದಿದ್ದು?"

"ಸಿಕ್ಕಿದ್ದೇ ಹಂಗೆ. ಮಹಜರು ಆಗೈತೆ, ಫೋಟೋನೂ ತಗೊಂಡಾಗೈತೆ. ಯಾಕೆ, ಏನಾತು?"

"ಏನಾತು ಅಂದ್ರೆ? ಕೆಲಸದಿಂದ ಎದ್ರೆ ಸಾಕು, ನೀರು ಕುಡಿಯಾಕೆ ಎದ್ರೂ ಸೈತ, ರಿಂಗು ಬಿಚ್ಚಿ ಏಳಬೇಕು. ಇಲ್ಲಾಂದ್ರೆ ಬಟ್ಟೆ ಮೇಲೆ ಗುಂಡಗೆ ಗುರುತು ಕೂತುಬಿಡ್ತೈತೆ. ಹತ್ತಿ ಬಟ್ಟೆ ಆದ್ರೆ ನೀರು ಚಿಮುಕಿಸಿ ಇಸ್ತ್ರಿ ಹೊಡೀಬಹುದು. ರೇಷ್ಮೆಗೆ ಏನ್ ಮಾಡಿದ್ರೂ ಹೋಗಲ್ಲ."

ಅವಳು ಗೋಡೆಯ ಬೀರುವಿನಿಂದ ಹಸಿರು ಬ್ಲೌಸೊಂದನ್ನು ಎಳೆದು ತೋರಿಸಿದಳು. ಬೆನ್ನಿನ ಮೇಲೆ ದೊಡ್ಡ ವೃತ್ತ, ಯಾರೋ ಬಿಸಿ ಪಾತ್ರೆ ಇಟ್ಟು ತೆಗೆದ ಹಾಗೆ.

"ಹೊಸದಾಗಿ ಸೇರಿದ ಹುಡುಗಿ. ಒಂದು ರಾತ್ರಿ ಬಿಚ್ಚದೆ ಹೋದ್ಲು. ಗಿರಾಕಿ ಮುಖಕ್ಕೆ ಎಸೆದು ಹೋದ್ರು."

ಕಲ್ಲೇಶ್ ಹಸಿರು ಬ್ಲೌಸನ್ನೂ ಕೆಂಪು ಪೀಸನ್ನೂ ಬದಲಿಸಿ ಬದಲಿಸಿ ನೋಡಿದ. ತಲೆಯೊಳಗೆ ಏನೋ ಒಂದು ಕದಲಿತು.

"ಇದನ್ನ ಈಗ ಬಿಚ್ಚಿ ನೋಡೋಣ."

"ನಿಮ್ಮ ಸಾಕ್ಷಿ ಸಾರ್ ಅದು, ನಾನು ಮುಟ್ಟಬೌದಾ?"

"ಮುಟ್ರಿ. ಬೈಯೋರು ನನಗೆ ಬೈತಾರೆ."

ದುರ್ಗಾಂಬಿಕಾ ತಿರುಪು ಸಡಿಲಿಸಿ ಹೊರಗಿನ ರಿಂಗನ್ನು ಎತ್ತಿದಳು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ತೆಳ್ಳನೆಯ ಸುಕ್ಕು ಮಾತ್ರ ಇತ್ತು. ಉಗುರಿನ ಬೆನ್ನಿನಿಂದ ಉಜ್ಜಿದಳು. ಸುಕ್ಕು ಮಾಯವಾಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಂಗಳವಾರದಿಂದ ಬಿಗಿದಿದ್ರೆ?" ಕಲ್ಲೇಶ್ ಕೇಳಿದ.

"ಸಾಧ್ಯಾನೇ ಇಲ್ಲ. ಇವತ್ತು ಬೆಳಿಗ್ಗೆ ಹಾಕಿರೋದು ಇದು."

ಹಾಗಾದರೆ ಇಂದು ಬೆಳಿಗ್ಗೆ ಯಾರೋ ಕುಳಿತು, ಈ ಬಟ್ಟೆಯನ್ನು ಈ ರಿಂಗಿಗೆ ಬಿಗಿದು, ಬ್ಯಾಗಿಗೆ ತುಂಬಿ, ಕೆರೆಯ ದಂಡೆಯಲ್ಲಿ ಇಟ್ಟು ಹೋಗಿದ್ದಾರೆ. ಆಶಾಳೇ ಇರಬಹುದು, ಬೇರೆ ಯಾರಾದರೂ ಇರಬಹುದು. ಕಲ್ಲೇಶ್‌ನ ಎದೆ ಹಗುರವಾಯಿತು. ಅದರ ಬೆನ್ನಿಗೇ ಗೊಂದಲವೂ ಬಂತು. ಈ ಅಂಗಡಿಯ ಮೇಲೇ ಅವನಿಗೆ ಅನುಮಾನವಿತ್ತು. ತಪ್ಪು ಮಾಡಿದವಳು ಪೊಲೀಸನನ್ನು ಕೂರಿಸಿಕೊಂಡು ಇಂಥ ಸುಳಿವನ್ನು ತಾನಾಗಿ ಕೊಡುತ್ತಾಳೆಯೇ?

"ಇನ್ನೊಂದು ಮಾತು ಸಾರ್. ಇದು ಆರಿ ವರ್ಕು. ಇದನ್ನ ಕೈ ರಿಂಗಿಗೆ ಯಾರೂ ಹಾಕಲ್ಲ."

"ಅದ್ಯಾಕೆ?"

"ಕೈ ಚಾಚ್ರಿ."

ಮರು ನಿಮಿಷಕ್ಕೆ ನ್ಯಾಮತಿ ಠಾಣೆಯ ಎ.ಎಸ್.ಐ. ಸಾಹೇಬರ ಬಲಗೈಯಲ್ಲಿ ಕೊಕ್ಕೆಯಂಥ ಆರಿ ಸೂಜಿ, ಎಡಗೈಯಲ್ಲಿ ದಾರ.

"ಸೂಜಿ ಮೇಲಿಂದ ಚುಚ್ಚಬೇಕು. ದಾರ ಬಟ್ಟೆ ಕೆಳಗಿಂದ ಕೊಡಬೇಕು. ಈಗ ರಿಂಗು ಹಿಡ್ಕೊಳ್ರಿ."

"ಯಾವ ಕೈಯಾಗೆ?"

"ಅದನ್ನೇ ನಾನೂ ಕೇಳೋದು."

ಸಾಲಾಗಿ ಕುಳಿತು ಕೆಲಸ ಮಾಡುತ್ತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಕಲ್ಲೇಶ್ ರಿಂಗನ್ನು ಮೊಣಕೈಗೆ ಆನಿಸಿ ನೋಡಿದ, ಹೊಟ್ಟೆಗೆ ಒತ್ತಿ ನೋಡಿದ. ಸೂಜಿ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು.

"ಎರಡೂ ಕೈ ಕೆಲಸಕ್ಕೇ ಬೇಕು. ಅದಕ್ಕೆ ಫ್ರೇಮು ಸ್ಟ್ಯಾಂಡಿನ ಮೇಲೆ ಕೂತಿರ್ತೈತೆ. ಕೈ ಕಸೂತಿಗೆ ಆದ್ರೆ ಒಂದು ಕೈಯಾಗೆ ರಿಂಗು, ಒಂದು ಕೈಯಾಗೆ ಸೂಜಿ, ನಡೀತೈತೆ. ಅಂಗೈ ಅಗಲದ ರಿಂಗಿಗೆ ಆರಿ ಪೀಸು ಬಿಗಿದೋರು ಯಾರೋ, ಅವರಿಗೆ ಆರಿ ಕೆಲಸ ಗೊತ್ತಿಲ್ಲ. ಆಶಾ ಅಂತೂ ಅಲ್ಲವೇ ಅಲ್ಲ."

ಹಾಗಾದರೆ ಗೊತ್ತಿಲ್ಲದವರು ಯಾರೋ ಬಿಗಿದಿದ್ದಾರೆ. ಆದರೆ ಎಷ್ಟು ಒಪ್ಪವಾಗಿ ಬಿಗಿದಿದ್ದರು! ಎಳೆ ಎಲ್ಲೂ ಓರೆಯಾಗಿರಲಿಲ್ಲ. ಒಳಗಿನ ರಿಂಗಿಗೆ ಹಳೆಯ ಸೀರೆಯ ಅಂಚಿನ ಪಟ್ಟಿಯನ್ನು ನೀಟಾಗಿ ಸುತ್ತಿ ಕೊನೆಗೆ ನಾಲ್ಕು ಹೊಲಿಗೆ ಹಾಕಿದ್ದರು. ಮೇಜಿನ ಮೇಲೆ ಬಿದ್ದಿದ್ದ ಅಷ್ಟೂ ರಿಂಗುಗಳಲ್ಲಿ ಒಂದಕ್ಕೂ ಅಂಥ ಸುತ್ತು ಇರಲಿಲ್ಲ. ಗೊತ್ತಿರುವವರು ಹೀಗೆ ಮಾಡುವುದಿಲ್ಲ, ಗೊತ್ತಿಲ್ಲದವರಿಗೆ ಹೀಗೆ ಬರುವುದಿಲ್ಲ. ಕಲ್ಲೇಶ್ ಸೂಜಿಯನ್ನು ಗುಂಡಿಯಿಂದ ಬಿಡಿಸಿಕೊಳ್ಳುತ್ತ ನಿಟ್ಟುಸಿರುಬಿಟ್ಟ.

"ಆಶಾ ಕೂರ್ತಿದ್ದ ಫ್ರೇಮು ತೋರಿಸ್ರಿ."

ದುರ್ಗಾಂಬಿಕಾಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಸಾಲಿನ ಕೊನೆಗೆ ಬೆರಳು ತೋರಿಸಿದಳು.

ಮಂಚದ ಚೌಕಟ್ಟಿನಂಥ ಉದ್ದನೆಯ ಫ್ರೇಮುಗಳು. ಒಬ್ಬರದು ಇನ್ನೊಬ್ಬರಿಗೆ ಅದಲುಬದಲಾಗದಿರಲೆಂದು ಪ್ರತಿ ಹುಡುಗಿಯೂ ತನ್ನದಕ್ಕೆ ಬಣ್ಣ ಬಳಿದುಕೊಂಡಿದ್ದಳು. ನೀಲಿ, ಹಳದಿ, ಗುಲಾಬಿ. ಕೈ ತಾಗಿ ತಾಗಿ ಎಲ್ಲದರ ಅಂಚೂ ಮಾಸಿ ನುಣುಪಾಗಿತ್ತು. ಕೊನೆಯದೊಂದು ಮಾತ್ರ ಬಣ್ಣವಿಲ್ಲದೆ ಬೋಳಾಗಿತ್ತು. ರಂದಾ ಹೊಡೆದ ಹಸಿ ಮರದ ವಾಸನೆ ಇನ್ನೂ ಹೋಗಿರಲಿಲ್ಲ.

"ಇದು ಹೊಸದು."

"ಹೂಂ ಸಾರ್. ಅವಳದು ಹಸಿರು ಬಣ್ಣದ್ದಿತ್ತು. ಗೆದ್ದಲು ಹಿಡಿದಿತ್ತು. ತೆಗೆಸಿದೆ."

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಮರದ ಹೊಟ್ಟು ಕೊಡವಿಕೊಳ್ಳುತ್ತ ಒಬ್ಬ ಒಳಗೆ ಬಂದ. ದುರ್ಗಾಂಬಿಕಾಳ ತಮ್ಮ ಮಾರುತೇಶ್. ಅಂಗಡಿಯ ಫ್ರೇಮು, ಸ್ಟ್ಯಾಂಡು ಎಲ್ಲ ಅವನದೇ ಕೈಕೆಲಸ.

ಕಲ್ಲೇಶ್ ಅವನ ಕಡೆ ತಿರುಗಿ, ಹವಾಮಾನ ವಿಚಾರಿಸುವವನ ಹಾಗೆ ಕೇಳಿದ. "ಆಶಾಳ ಹಸಿರು ಫ್ರೇಮಿಗೆ ಏನಾಗಿತ್ತಪ್ಪ?"

"ಮುರೀತು ಸಾರ್. ನಡುವೆ ಲಟಕ್ ಅಂತ."

ಅಂಗಡಿಯಲ್ಲಿ ಸೂಜಿಗಳ ಟಿಕ್ ಟಿಕ್ ನಿಂತುಹೋಯಿತು. ಹುಡುಗಿಯರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬಟ್ಟೆ ನೋಡತೊಡಗಿದರು.

"ನಿಮ್ಮ ಅಕ್ಕಾರು ಗೆದ್ದಲು ಅಂದ್ರು."

ಮಾರುತೇಶ್ ಅಕ್ಕನ ಮುಖ ನೋಡಿದ. ಅಕ್ಕ ಕಣ್ಣು ಮಿಟುಕಿಸಲಿಲ್ಲ.

"ಗೆದ್ದಲು ಹಿಡಿದಿದ್ದಕ್ಕೇ ಮುರೀತು ಸಾರ್," ಎಂದಳು ದುರ್ಗಾಂಬಿಕಾ. "ಮರ ಗಟ್ಟಿ ಇದ್ರೆ ಯಾಕೆ ಮುರೀತೈತೆ?"

ಉತ್ತರ ಸರಿಯಾಗಿಯೇ ಇತ್ತು. ಬಹಳ ಸರಿಯಾಗಿತ್ತು.

"ಯಾವಾಗ ಮುರಿದಿದ್ದು?"

"ಹೋದ ವಾರ."

"ಮುರಿದಿದ್ದು ಎಲ್ಲೈತೆ ಈಗ? ನೋಡ್ಬೌದಾ?"

"ಒಲೆಗೆ ಹಾಕಿದ್ವಿ," ಎಂದ ಮಾರುತೇಶ್. ಈ ಸಲ ಅಕ್ಕನೂ ಅವನ ಜೊತೆಗೇ ಅದೇ ಮಾತು ಹೇಳಿದಳು. ಮಾರುತೇಶನ ಹಣೆಯಲ್ಲಿ ಬೆವರಿತ್ತು. ಬೆವರು ಬಡಗಿ ಕೆಲಸದ್ದೋ ಮತ್ತೊಂದರದ್ದೋ ಹೇಳುವುದು ಕಷ್ಟ.

"ನೋಡಮ್ಮ," ಕಲ್ಲೇಶ್‌ನ ದನಿ ಮೊದಲ ಬಾರಿಗೆ ಬಿರುಸಾಯಿತು. "ಆ ಹುಡುಗಿ ಇಲ್ಲಿ ಏನಾದ್ರೂ ಕಂಡಿದ್ಲಾ? ಯಾರ ಜೊತೆಗಾದ್ರೂ ಜಗಳ ಆಗಿತ್ತಾ?"

"ನನ್ನ ಹತ್ರ ಕೆಲಸ ಕಲಿತೋಳು ಸಾರ್ ಅವಳು. ಅವಳಂಗೆ ಕೈ ಆಡಿಸೋರು ಈ ಸಾಲಿನಾಗೆ ಇನ್ನೊಬ್ರು ಇಲ್ಲ. ಅವಳು ಹೋದ್ರೆ ನನಗೇ ನಷ್ಟ. ಅವಳಿಗೆ ಕೆಡುಕು ಬಯಸಿದ್ರೆ, ಈ ರಿಂಗಿನ ಗುರುತಿನ ವಿಷಯ ನಿಮಗೆ ಯಾಕೆ ಹೇಳ್ತಿದ್ದೆ? ಸುಮ್ನೆ ಬಾಯಿ ಮುಚ್ಕೊಂಡಿದ್ರೆ ನೀವು ಕೆರೆ ಕಡೆ ನೋಡ್ಕೊಂಡು ಕೂತಿರ್ತಿದ್ರಿ, ಅಲ್ವಾ?"

ಕಲ್ಲೇಶ್ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವಳೇ ಕೇಳಿಬಿಟ್ಟಿದ್ದಳು.

"ಊರು ಬಿಟ್ಟು ಎಲ್ಲೂ ಹೋಗಬ್ಯಾಡ್ರಿ, ಇಬ್ರೂ," ಎಂದಷ್ಟೇ ಹೇಳಿ, ಬಟ್ಟೆಯನ್ನು ಮೊದಲಿದ್ದ ಹಾಗೆ ರಿಂಗಿಗೆ ಸಿಕ್ಕಿಸಲು ಒದ್ದಾಡಿ, ಓರೆಕೋರೆಯಾಗಿ ಬಿಗಿದು, ಹೊರಗೆ ಬಂದ.

ಚನ್ನಗಿರಿ ದಾರಿಯಲ್ಲಿ ಒಂದು ಚಹಾದಂಗಡಿ ಎದುರು ಬೈಕು ನಿಲ್ಲಿಸಿ ಹೆಂಡತಿಗೆ ಫೋನು ಹಚ್ಚಿದ. ಠಾಣೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಕಲ್ಲೇಶ್‌ನ ಅರ್ಧ ಕೇಸುಗಳು ನೇತ್ರಾವತಿಯ ಅಡುಗೆಮನೆಯಲ್ಲಿ ಬಗೆಹರಿಯುತ್ತವೆ.

"ರಿಂಗಾ?" ನೇತ್ರಾವತಿ ನಕ್ಕಳು. "ಮದುವೆ ಆದ ಹೊಸದಾಗೆ ಒಂದು ರಿಂಗು ತಂದುಕೊಡ್ರಿ ಅಂದಿದ್ದೆ. ಜರಡಿಯಷ್ಟು ದೊಡ್ಡದು ತಂದಿದ್ರಿ. ಕರವಸ್ತ್ರಕ್ಕೆ ಹೂವು ಹಾಕಾಕೆ ಅದು ಬೇಕಿತ್ತಾ? ಈಗ ಗ್ಯಾನ ಬಂತಾ?"

"ಅದು ಬಿಡೇ ಮಾರಾಯ್ತಿ. ಒಳಗಿನ ರಿಂಗಿಗೆ ಸೀರೆ ಅಂಚು ಸುತ್ತಿರ್ತಾರಾ?"

"ಈಗ ಯಾರು ಸುತ್ತುತಾರ್ರಿ? ಹಳೇ ಕೈಯೋರು ಸುತ್ತುತಿದ್ರು. ಬಟ್ಟೆ ಜಾರಬಾರದು, ರೇಷ್ಮೆಗೆ ಕಟ್ಟಿಗೆ ತಾಗಿ ನೋವಾಗಬಾರದು ಅಂತ. ನಮ್ಮ ಚೌಡಮ್ಮತ್ತೆ ಸುತ್ತೋರು. ರಿಂಗು ಕೊಂಡ ದಿನಾನೇ ಸುತ್ತಿಬಿಡೋರು, ಮಕ್ಕಳಿಗೆ ಕುಲಾವಿ ಕಟ್ಟಿದಂಗೆ."

"ಅಂದ್ರೆ ವಯಸ್ಸಾದೋರು."

"ವಯಸ್ಸಾದೋರು, ಕೈ ಕಸೂತಿ ಚೆನ್ನಾಗಿ ಬಲ್ಲೋರು. ಯಾಕ್ರಿ? ಆ ಹುಡುಗಿ ಸಿಕ್ಕಿದ್ಲಾ? ಪಾಪ, ಅವರವ್ವ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡ್ಲಾ?"

ಕಲ್ಲೇಶ್ ಫೋನಿಟ್ಟ. ದುರ್ಗಾಂಬಿಕಾಗೆ ಇನ್ನೂ ನಲವತ್ತಾಗಿರಲಿಲ್ಲ. ಅವಳ ಅಂಗಡಿಯಲ್ಲಿ ಸುತ್ತಿದ ರಿಂಗು ಒಂದೂ ಇಲ್ಲ. ಆದರೆ ಫ್ರೇಮಿನ ವಿಷಯದಲ್ಲಿ ಅವಳು ಸುಳ್ಳಾಡಿದಂತೆ ಅವನಿಗೆ ಅನಿಸಿತ್ತು. ರಿಂಗು ಒಂದು ದಿಕ್ಕಿಗೆ ಎಳೆದರೆ ಫ್ರೇಮು ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು. ಚಹಾ ಆರಿತ್ತು. ಆರಿದ್ದನ್ನೇ ಗುಟುಕರಿಸಿ ಬೈಕು ಹತ್ತಿದ.

ಇಷ್ಟಾದರೂ ಒಂದಂತೂ ಗಟ್ಟಿ. ಬ್ಯಾಗು ಮಂಗಳವಾರದಿಂದ ಅಲ್ಲಿ ಬಿದ್ದಿರಲಿಲ್ಲ. ಹುಡುಗಿ ನೀರಿಗೆ ಬಿದ್ದಳು ಎಂದು ನಂಬಿಸಲು ಯಾರೋ ತಂದಿಟ್ಟಿದ್ದಾರೆ. ಹಾಗಾದರೆ ಅವಳು ನೀರಿನಲ್ಲಿ ಇಲ್ಲದಿರಬಹುದು. ಈ ಒಂದು ಮಾತನ್ನು ಆ ತಾಯಿಯ ಕಿವಿಗೆ ಹಾಕಬೇಕೆಂದು ಅವನ ಜೀವ ತುಡಿಯುತ್ತಿತ್ತು.

ಸೂಳೆಕೆರೆ ಕಣ್ಣು ಹರಿಯುವಷ್ಟು ದೂರ ಹರಡಿಕೊಂಡಿತ್ತು. ಮಧ್ಯಾಹ್ನದ ಬಿಸಿಲಿಗೆ ನೀರು ಕಣ್ಣಿಗೆ ಚುಚ್ಚುತ್ತಿತ್ತು. ಎರಡು ತೆಪ್ಪಗಳು ದಂಡೆಗೆ ಸಮೀಪದಲ್ಲೇ ಗಾಳ ಇಳಿಬಿಟ್ಟು ಹುಡುಕುತ್ತಿದ್ದವು.

ಕೆಂಪಕ್ಕ ಬೆಳಿಗ್ಗೆ ಕೂತ ಕಲ್ಲಿನ ಮೇಲೇ ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಗಂಡ ಸತ್ತ ಮೇಲೆ ಕೂಲಿ ನಾಲಿ ಮಾಡಿ ಒಬ್ಬಳೇ ಮಗಳನ್ನು ಬೆಳೆಸಿದವಳು. ಮಗಳನ್ನು ಹುಡುಕುತ್ತ ಬಂದು ಕತ್ತಲಗೆರೆಯ ನೆಂಟರ ಮನೆಯಲ್ಲಿ ಉಳಿದಿದ್ದಳು. ಬ್ಯಾಗು ಸಿಕ್ಕಿದ ಸುದ್ದಿ ಕೇಳಿ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ನನ್ನ ಮಗಳದೇ ಬ್ಯಾಗು ಎಂದು ಎದೆ ಬಡಿದುಕೊಂಡಿದ್ದಳು. ರಿಂಗಿನ ಬಗ್ಗೆ ಕಲ್ಲೇಶ್ ಕೇಳಿದಾಗ, "ನನಗೇನು ತಿಳೀತೈತೆ ಸಾಹೇಬ್ರೆ? ಸೂಜಿಗೆ ದಾರ ಪೋಣಿಸಾಕೂ ಬರಲ್ಲ ನನಗೆ," ಎಂದು ಅತ್ತಿದ್ದಳು.

ಈಗ ಅವನನ್ನು ಕಂಡವಳೇ ಕೇಳಿದಳು. "ನೀರಿನಾಗೆ ಹುಡುಕೋದು ಯಾವಾಗ ನಿಲ್ಲಿಸ್ತಾರೆ ಸಾಹೇಬ್ರೆ?"

"ನಿಲ್ಲಿಸಲ್ಲ ಅವ್ವಾ, ಹೆದರಬ್ಯಾಡ."

"ಬ್ಯಾಡ. ನಿಲ್ಲಿಸಿಬಿಡ್ರಿ. ಇಷ್ಟು ದೊಡ್ಡ ಕೆರ್‍ಯಾಗೆ ಎಲ್ಲಿ ಅಂತ ಹುಡುಕ್ತೀರಿ? ನನ್ನ ಹಣೇಬರ. ಹೋದೋಳು ಹೋದ್ಲು ಅಂತ ಬರ್ಕೊಂಡುಬಿಡ್ರಿ."

ಕಲ್ಲೇಶ್‌ ಅವಳ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಚೀಲದಿಂದ ಆ ಪೀಸು ತೆಗೆದು ಅವಳ ಮಡಿಲಿಗಿಟ್ಟ.

"ಅವ್ವಾ, ನಾನು ಹೇಳೋದು ಸ್ವಲ್ಪ ಕೇಳು. ಇದನ್ನ ನೋಡಿದ್ರೆ..."

ಮಾತು ಅಲ್ಲೇ ನಿಂತಿತು.

ಕೆಂಪಕ್ಕ ನೀರಿನ ಕಡೆ ನೋಡುತ್ತಿದ್ದಳು. ಆದರೆ ಮಡಿಲಲ್ಲಿ ಅವಳ ಬೆರಳುಗಳು ಸುಮ್ಮನಿರಲಿಲ್ಲ. ಹೆಬ್ಬೆರಳು ತಿರುಪನ್ನು ಹುಡುಕಿತು, ಎರಡು ಸುತ್ತು ಸಡಿಲಿಸಿತು. ಹೊರಗಿನ ರಿಂಗು ಮೇಲೆದ್ದು ಬಂತು. ಬಟ್ಟೆಯನ್ನು ಒಳಗಿನ ರಿಂಗಿನಿಂದ ಬಿಡಿಸಿ, ತೊಡೆಯ ಮೇಲೆ ಹರವಿ, ಕಲ್ಲೇಶ್ ಓರೆಕೋರೆಯಾಗಿ ಬಿಗಿದಿದ್ದರಿಂದ ಬಿದ್ದ ಸುಕ್ಕನ್ನು ಉಗುರಿನ ಬೆನ್ನಿನಿಂದ ಮೆಲ್ಲಗೆ ತೀಡಿದಳು. ಒಮ್ಮೆಯೂ ಕೆಳಗೆ ನೋಡಲಿಲ್ಲ. ನಿದ್ದೆಯಲ್ಲಿ ಮಗುವಿನ ಹೊದಿಕೆ ಸರಿಮಾಡುವ ಹಾಗೆ, ಕೈ ತಾನಾಗಿ ಮಾಡಿ ಮುಗಿಸಿತ್ತು.

ಕಲ್ಲೇಶ್ ಅವಳ ಸೀರೆಯನ್ನು ನೋಡಿದ. ಆಮೇಲೆ ಒಳಗಿನ ರಿಂಗಿನ ಸುತ್ತು ನೋಡಿದ. ಹಳೆಯ ಸೀರೆಯ ಅಂಚು.

"ಯಾಕೆ ಬಿಚ್ಚಿದ್ರಿ ಕೆಂಪಕ್ಕ?"

"ಆಂ?"

"ರಿಂಗು. ಯಾಕೆ ಬಿಚ್ಚಿದ್ರಿ?"

"ರೇಷ್ಮೆ ಅಲ್ವಾ... ಗುರುತು ಕೂತ್ರೆ..." ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. ತನ್ನ ಕೈಯನ್ನೇ ನೋಡಿದಳು. ಅದು ಬೇರೆ ಯಾರದೋ ಕೈ ಎಂಬಂತೆ ಸೆರಗಿನೊಳಗೆ ಎಳೆದುಕೊಂಡಳು.

"ಸೂಜಿಗೆ ದಾರ ಪೋಣಿಸಾಕೂ ಬರಲ್ಲ ಅಂದಿದ್ರಿ."

ತೆಪ್ಪದವರು ಏನೋ ಮಾತಾಡಿಕೊಳ್ಳುತ್ತಿದ್ದುದು ನೀರಿನ ಮೇಲಿಂದ ತೇಲಿ ಬರುತ್ತಿತ್ತು.

"ಬ್ಯಾಗು ಇಲ್ಲಿಟ್ಟಿದ್ದು ನೀವೇ."

ಬೆಳಿಗ್ಗೆಯಿಂದ ಅಷ್ಟೊಂದು ಅತ್ತಿದ್ದ ಕೆಂಪಕ್ಕನ ಕಣ್ಣಲ್ಲಿ ಈಗ, ನಿಜವಾಗಿಯೂ, ಮೊದಲ ಸಲ ನೀರು ಬಂತು.

"ನಿಮ್ಮ ಕಾಲಿಗೆ ಬೀಳ್ತೀನಿ, ಗಟ್ಟಿಯಾಗಿ ಮಾತಾಡಬ್ಯಾಡ್ರಿ. ಅವಳು ಬದುಕ್ಯಾಳೆ. ನಾನೇ ಕಳಿಸೀನಿ."

"ಎಲ್ಲಿಗೆ?"

"ಜಗಳೂರಿಗೆ. ನನ್ನ ತಂಗಿ ಬೊಮ್ಮಕ್ಕನ ಮನೆಗೆ. ಸೋಮವಾರ ಮನೆಗೆ ಬಂದೋಳೇ ಗಡಗಡ ನಡುಗ್ತಿದ್ಲು ಸಾಹೇಬ್ರೆ. ಆ ಅಂಗಡೀಲಿ ನೋಡಬಾರದ್ದು ನೋಡ್ಬಿಟ್ಟೀನಿ ಅವ್ವಾ, ನನ್ನ ಸುಮ್ನೆ ಬಿಡಲ್ಲ ಅಂದ್ಲು. ಏನಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಸತ್ತೋದ್ಲು ಅಂತ ತಿಳಿದ್ರೆ ಯಾರೂ ಹುಡುಕಲ್ಲ ಅಂತ ನನಗೆ ಅನ್ನಿಸ್ತು. ಅವಳ ಬ್ಯಾಗು ನಾನೇ ಇಟ್ಕೊಂಡು, ಮನೆಯಿಂದ ತಂದಿದ್ದ ಪೀಸು ಇವತ್ತು ಬೆಳಿಗ್ಗೆ ನನ್ನ ರಿಂಗಿಗೆ ಹಾಕಿದೆ, ನೋಡಿದ್ ಕೂಡ್ಲೆ ಇವಳದೇ ಅಂತ ಎಲ್ರಿಗೂ ಗೊತ್ತಾಗ್ಲಿ ಅಂತ."

ಕಲ್ಲೇಶ್‌ಗೆ ಸಿಟ್ಟು ಬಂತು, ನಗು ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. ಬೆಳಿಗ್ಗೆಯಿಂದ ಇಷ್ಟು ಜನ ನೀರಿನಲ್ಲಿ ಮುಳುಗೇಳುತ್ತಿದ್ದರು, ತಾನು ಹೊಟ್ಟೆಗೆ ರಿಂಗು ಒತ್ತಿಕೊಂಡು ಹುಡುಗಿಯರ ಮುಂದೆ ನಗೆಪಾಟಲಾಗಿದ್ದ. ಇರಲಿ. ಹುಡುಗಿ ಬದುಕಿದ್ದಾಳೆ. ಎಷ್ಟೋ ದಿನದ ಮೇಲೆ ಅವನಿಗೆ ತನ್ನ ಕೆಲಸದ ಮೇಲೆ ಪ್ರೀತಿ ಉಕ್ಕಿತು.

"ಜಗಳೂರು ಮುಟ್ಟಿದೆ ಅಂತ ಫೋನ್ ಮಾಡಿದ್ಲಾ?"

"ಮಾಡಬ್ಯಾಡ ಅಂದಿದ್ದೆ. ಫೋನು ಆಫ್ ಮಾಡಿ ಇಟ್ಕೋ, ನಾನೇ ಬರೋತನ ಯಾರಿಗೂ ಮಾಡಬ್ಯಾಡ ಅಂತ ಆಣೆ ಹಾಕಿಸ್ಕೊಂಡೆ. ನಾನೇ ಬಸ್ಸಿಗೆ ಹತ್ತಿಸಿದ್ದು, ಈ ಕಣ್ಣಿಂದ ನೋಡೀನಿ."

"ಆತು ಬಿಡು. ಬೊಮ್ಮಕ್ಕನ ನಂಬರ್ ಕೊಡು, ಒಂದು ಮಾತು ಕೇಳಿಬಿಡ್ತೀನಿ. ಆಮೇಲೆ ಇವರನ್ನ ನೀರಿಂದ ಎಬ್ಬಿಸೋಣ."

ಅವಳು ಬಾಯಿಪಾಠವಾಗಿದ್ದ ನಂಬರ್ ಹೇಳಿದಳು. ಕಲ್ಲೇಶ್ ಒತ್ತಿದ. ಆ ಕಡೆ ರಿಂಗಾಗತೊಡಗಿತು.

"ಸಾರ್! ಏ ಸಾರ್! ಇಲ್ಲಿ ಬರ್ರಿ!"

ತೆಪ್ಪದಲ್ಲಿದ್ದವನು ಎದ್ದು ನಿಂತು ಕೈ ಬೀಸುತ್ತಿದ್ದ. ಗಾಳಕ್ಕೆ ಏನೋ ಸಿಕ್ಕಿತ್ತು. ಇಬ್ಬರು ಸೇರಿ ಎಳೆದರು. ನೀರಿನಿಂದ ಉದ್ದನೆಯ ಮರದ ಚೌಕಟ್ಟಿನ ಒಂದು ತುದಿ ಮೇಲೆ ಬಂತು. ಪಾಚಿ ಅಲ್ಲ ಅದು. ಬಣ್ಣ. ಹಸಿರು ಬಣ್ಣ. ಗೆದ್ದಲೂ ಹಿಡಿದಿರಲಿಲ್ಲ, ಎಲ್ಲೂ ಮುರಿದೂ ಇರಲಿಲ್ಲ. ಕೆರೆಯ ಕಡೆ ಯಾರೂ ನೋಡದಿರಲಿ ಎಂದೇ ದುರ್ಗಾಂಬಿಕಾ ರಿಂಗಿನ ಗುರುತಿನ ವಿಷಯ ಹೇಳಿದ್ದಳೇ?

ಚೌಕಟ್ಟಿಗೆ ಹಗ್ಗ ಬಿಗಿದಿತ್ತು. ಹಗ್ಗದ ಇನ್ನೊಂದು ತುದಿ ಸೆಟೆದುಕೊಂಡು ನೀರಿನೊಳಗೇ ಇತ್ತು.

"ಭಾರ ಐತೆ ಸಾರ್! ಕೆಳಗೆ ಏನೋ ಕಟ್ಯಾರೆ!"

ಕೆಂಪಕ್ಕ ತಟ್ಟನೆ ಎದ್ದು ನಿಂತಳು. ರಿಂಗು ಮಡಿಲಿನಿಂದ ಜಾರಿ ಕಲ್ಲಿನ ಮೇಲೆ ಬಿತ್ತು. "ಅದು ನನ್ನ ಮಗಳ ಫ್ರೇಮು, ಅಂಗಡ್ಯಾಗೆ ನೋಡೀನಿ. ಅದ್ಯಾಕೆ ಅಲ್ಲಿ? ಅಲ್ಲೇನೂ ಇರಬಾರದಲ್ಲ! ನಾನು ಬ್ಯಾಗು ಒಂದೇ ಇಟ್ಟಿದ್ದು ಸಾಹೇಬ್ರೆ!"

"ಹಲೋ," ಎಂದಿತು ಕಿವಿಯಲ್ಲಿ ಒಂದು ಹೆಣ್ಣು ದನಿ. "ಯಾರ್ರಿ?"

"ಬೊಮ್ಮಕ್ಕನಾ? ನ್ಯಾಮತಿ ಪೊಲೀಸು. ಆಶಾ ನಿಮ್ಮ ಮನ್ಯಾಗೆ ಇದ್ದಾಳಲ್ಲ?"

"ಆಶಾನಾ? ಇಲ್ರಿ ಸಾರ್. ಮಂಗಳವಾರ ಬರ್ತಾಳೆ ಅಂತ ಅಕ್ಕ ಹೇಳಿದ್ಲು. ಅಡಿಗೆ ಮಾಡ್ಕೊಂಡು ಕಾದೆ. ಬರಲೇ ಇಲ್ಲ. ಅಕ್ಕ ಫೋನ್ ಮಾಡಬ್ಯಾಡ ಅಂದಿದ್ದಕ್ಕೆ ನಾನೂ ಸುಮ್ನಾದೆ. ಯಾಕೆ ಸಾರ್, ಏನಾತು?"

ತೆಪ್ಪದವರು ಹಗ್ಗವನ್ನು ಕೈಗೆ ಸುತ್ತಿಕೊಂಡು ಒಂದೊಂದೇ ಮೊಳ ಮೇಲಕ್ಕೆ ಎಳೆಯುತ್ತಿದ್ದರು.

ಕೆಂಪಕ್ಕ ನೀರಿನ ಕಡೆ ನೋಡುತ್ತಿರಲಿಲ್ಲ. ಕಲ್ಲೇಶ್‌ನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಫೋನು ಹಿಡಿದ ಅವನ ಮುಖವನ್ನೇ ನೋಡುತ್ತಿದ್ದಳು.

"ಏನಂದ್ಲು ಸಾಹೇಬ್ರೆ ನನ್ನ ತಂಗಿ? ಊಟ ಮಾಡ್ಯಾಳಂತಾ ನನ್ನ ಮಗಳು?"